ಮತ ಬಿಟ್ಟವರಿಗೆ ಹಾಕುವ ಪ್ರಶ್ನೆ ಉಳಿದವರಿಗೂ ಇರಲಿ

ಮಾನ್ಯ ಸಂಪಾದಕರೇ,

ಮತಾಂತರದ ಕುರಿತು ತಮ್ಮ ಪತ್ರಿಕೆಯ ವಾಚಕರ ವಿಭಾಗದಲ್ಲಿ ಈಚೆಗೆ ಪ್ರಕಟವಾದ ಪತ್ರಗಳನ್ನು ಗಮನವಿಟ್ಟು ಓದಿದ್ದೇನೆ. ಪರವಾಗಿ ಬರೆದವರೂ ವಿರೋಧವಾಗಿ ಬರೆದವರೂ ಒಂದು ವಿಷಯವನ್ನು ಮಾತ್ರ ಒಟ್ಟಿಗೇ ಒಪ್ಪಿಕೊಂಡಂತಿದೆ: ಹುಟ್ಟಿದ ಮತವನ್ನು ಬಿಟ್ಟು ಹೋದವನು ಅದಕ್ಕೆ ಕಾರಣ ಕೊಡಬೇಕು. ಆಮಿಷವೋ, ಒತ್ತಡವೋ, ಮದುವೆಯೋ, ನಿಜವಾದ ನಂಬಿಕೆಯೋ ಎಂದು ಅವನ ಮನಸ್ಸನ್ನು ಬಗೆದು ನೋಡಲು ಎಲ್ಲರೂ ಸಿದ್ಧರಿದ್ದಾರೆ. ಹುಟ್ಟಿದ ಮತದಲ್ಲೇ ಉಳಿದವನು ಏಕೆ ಉಳಿದ ಎಂದು ಮಾತ್ರ ಯಾರೂ ಕೇಳಿಲ್ಲ. ನನಗೆ ಮೊದಲು ಕೇಳಬೇಕೆನಿಸುವುದು ಆ ಪ್ರಶ್ನೆಯನ್ನೇ. ಏಕೆಂದರೆ ಲೋಕದ ಬಹುಪಾಲು ಜನ ಉಳಿದವರ ಸಾಲಿಗೆ ಸೇರಿದವರು.

ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರವು ಭಾರತದಲ್ಲಿ ಸುಮಾರು 30,000 ವಯಸ್ಕರನ್ನು ಮಾತನಾಡಿಸಿ 2021ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಶೇ 98ರಷ್ಟು ಮಂದಿ ತಾವು ಬೆಳೆದ ಮತವನ್ನೇ ಇಂದಿನ ತಮ್ಮ ಮತವೆಂದೂ ಹೇಳಿದ್ದಾರೆ. ಬದಲಾದವರೆಲ್ಲರೂ ಅಪರಿಚಿತರ ಮುಂದೆ ಬಾಯಿ ಬಿಡುತ್ತಾರೆ ಎಂದೇನಿಲ್ಲ. ಆ ಮಟ್ಟಿಗೆ ಈ ಅಂಕಿಯನ್ನು ಸ್ವಲ್ಪ ಸಡಿಲವಾಗಿ ಹಿಡಿಯಬೇಕು. ಮತ ಬದಲಿಸುವುದು ಅಷ್ಟೇನೂ ಅಪರೂಪವಲ್ಲದ ಅಮೆರಿಕದಲ್ಲಿ ಕೂಡ ಅದೇ ಕೇಂದ್ರದ ಸಮೀಕ್ಷೆಗಳ ಪ್ರಕಾರ ಬದಲಿಸಿದವರು ಸುಮಾರು ಮೂರನೇ ಒಂದು ಭಾಗ, ಅವರಲ್ಲಿ ಅನೇಕರು ಇನ್ನೊಂದು ಮತಕ್ಕೆ ಹೋಗದೆ ಯಾವ ಮತವೂ ಬೇಡವೆಂದವರು. ಎಲ್ಲ ಮತಗಳನ್ನೂ ಎದುರಿಗಿಟ್ಟುಕೊಂಡು ತೂಗಿ ನೋಡಿದ ಮೇಲೆ ಇಷ್ಟೊಂದು ಜನ ತಂದೆತಾಯಿಯರ ಮತವೇ ಸರಿಯೆಂಬ ತೀರ್ಮಾನಕ್ಕೆ ಬಂದರು ಎಂದು ನಂಬುವುದು ಕಷ್ಟ.

ಇದು ಹೊಸ ಸಂಶಯವೇನೂ ಅಲ್ಲ. ಇಂಗ್ಲೆಂಡಿನ ಚಿಂತಕ ಜಾನ್ ಸ್ಟೂವರ್ಟ್ ಮಿಲ್ 1859ರಲ್ಲಿ, ಒಬ್ಬನನ್ನು ಲಂಡನ್ನಿನಲ್ಲಿ ಕ್ರೈಸ್ತನನ್ನಾಗಿಸಿದ ಕಾರಣಗಳೇ ಚೀನಾದ ಪೀಕಿಂಗಿನಲ್ಲಿ (ಇಂದಿನ ಬೀಜಿಂಗ್) ಅವನನ್ನು ಬೌದ್ಧನನ್ನಾಗಿಯೋ ಕನ್‌ಫ್ಯೂಷಿಯಸ್‌ನ ಅನುಯಾಯಿಯನ್ನಾಗಿಯೋ ಮಾಡುತ್ತಿದ್ದವು ಎಂಬರ್ಥದ ಮಾತನ್ನು ಬರೆದರು. ಮಿಲ್ ಹೊರಗೆ ನಿಂತು ನೋಡಿದವರು ಎಂದು ಯಾರಾದರೂ ತಳ್ಳಿಹಾಕಬಹುದು. ಆದರೆ ಅವರಿಗಿಂತ ಏಳು ಶತಮಾನಗಳಿಗೂ ಹಿಂದೆ, ಇಸ್ಲಾಮಿನ ಅತಿದೊಡ್ಡ ವಿದ್ವಾಂಸರಲ್ಲಿ ಒಬ್ಬರಾದ ಅಲ್ ಗಝಾಲಿ, ಕ್ರೈಸ್ತರ ಮಕ್ಕಳು ಕ್ರೈಸ್ತರಾಗಿಯೇ, ಯಹೂದಿಗಳ ಮಕ್ಕಳು ಯಹೂದಿಗಳಾಗಿಯೇ, ಮುಸ್ಲಿಮರ ಮಕ್ಕಳು ಮುಸ್ಲಿಮರಾಗಿಯೇ ಬೆಳೆಯುವುದನ್ನು ಕಂಡು ಎಳೆಯ ವಯಸ್ಸಿನಲ್ಲೇ ತಮ್ಮ ನಂಬಿಕೆಯ ಬುಡ ಅಲುಗಾಡಿತೆಂದು ಸ್ವತಃ ಬರೆದುಕೊಂಡಿದ್ದಾರೆ. 1095ರಲ್ಲಿ ಬಾಗ್ದಾದಿನ ಪ್ರತಿಷ್ಠಿತ ಅಧ್ಯಾಪಕ ಪದವಿಯನ್ನು ಬಿಟ್ಟು ಹೊರಟ ಅವರು ಕೊನೆಗೆ ಸೂಫಿ ಸಾಧನೆಯಲ್ಲಿ ನೆಲೆ ಕಂಡರು. ಅಂದರೆ ಹುಟ್ಟಿದ ಮತದ ಒಳಗೇ ಉಳಿದರು. ಆದರೆ ಏಕೆ ಉಳಿದೆನೆಂದು ಹೇಳಬಲ್ಲವರಾಗಿ ಉಳಿದರು. ಹಾಗೆ ಹೇಳಬಲ್ಲವರು ಎಷ್ಟು ಮಂದಿ?

ಮತವು ನಮ್ಮೊಳಗೆ ಬರುವ ದಾರಿಯನ್ನು ನೋಡಿದರೆ ಈ ಮೌನಕ್ಕೆ ಕಾರಣ ತಿಳಿಯುತ್ತದೆ. ಪ್ರಾರ್ಥನೆಗೆ ನಿಂತ ಮನೆಯವರ ನಡುವೆ ಮೂರು ವರ್ಷದ ಮಗುವೊಂದನ್ನು ಗಮನಿಸಿ. ಅದು ದೊಡ್ಡವರ ಕೈ ಹೇಗಿದೆಯೋ ಹಾಗೆಯೇ ತನ್ನ ಕೈಯನ್ನು ಇಟ್ಟುಕೊಳ್ಳುತ್ತದೆ, ಕಣ್ಣು ಮುಚ್ಚಿದಂತೆ ಮಾಡಿ ಒಂದು ರೆಪ್ಪೆಯ ಸಂದಿನಿಂದ ಉಳಿದವರು ಕಣ್ಣು ತೆರೆದರೋ ಇಲ್ಲವೋ ಎಂದು ನೋಡುತ್ತದೆ, ಎಲ್ಲರೂ ಬಾಗಿದಾಗ ಅರೆಕ್ಷಣ ತಡವಾಗಿ ಬಾಗುತ್ತದೆ. ಯಾರಿಗೆ ಬಾಗಿದೆ ಎಂಬ ಪ್ರಶ್ನೆ ಅದಕ್ಕೆ ಹೊಳೆಯುವುದು ಎಷ್ಟೋ ವರ್ಷಗಳ ಅನಂತರ. ಅಷ್ಟರಲ್ಲಿ ಮೈ ಉತ್ತರವನ್ನು ಕಲಿತುಬಿಟ್ಟಿರುತ್ತದೆ. ನಂಬಿಕೆ ಬಾರದವನು ನಂಬಿದವರ ಹಾಗೆ ಆಚರಣೆಗಳನ್ನು ಮಾಡುತ್ತಾ ಹೋಗಲಿ, ನಂಬಿಕೆ ತಾನಾಗಿ ಹುಟ್ಟುತ್ತದೆ ಎಂದು ಹದಿನೇಳನೆಯ ಶತಮಾನದ ಫ್ರೆಂಚ್ ಗಣಿತಜ್ಞ ಪಾಸ್ಕಲ್ ಸಲಹೆ ಮಾಡಿದ್ದು ಈ ಮರ್ಮವನ್ನು ಬಲ್ಲವರಾದ್ದರಿಂದಲೇ. ಎಷ್ಟೋ ಮಂದಿಗೆ ಆ ನಂಬಿಕೆ ಕೊನೆಯವರೆಗೂ ಬೇಕಾಗುವುದೇ ಇಲ್ಲ. ಜಪಾನಿನ ಸರ್ಕಾರ ಧಾರ್ಮಿಕ ಸಂಸ್ಥೆಗಳಿಂದ ಪಡೆಯುವ ಅನುಯಾಯಿಗಳ ಸಂಖ್ಯೆಯನ್ನೆಲ್ಲ ಕೂಡಿಸಿದರೆ ಮೊತ್ತ ಆ ದೇಶದ ಜನಸಂಖ್ಯೆಯನ್ನೇ ಮೀರುತ್ತದೆ. ಆದರೆ ಜನರನ್ನೇ ನೇರವಾಗಿ ಕೇಳಿದರೆ ತಮಗೆ ಯಾವ ಮತವೂ ಇಲ್ಲ ಎನ್ನುವವರು ಬಹಳ ಮಂದಿ ಸಿಗುತ್ತಾರೆ.

ಹುಟ್ಟಿನಿಂದ ಬಂದದ್ದು ಎಂದ ಮಾತ್ರಕ್ಕೆ ಅದು ಸುಳ್ಳು ಎಂದು ನಾನು ಹೇಳುತ್ತಿಲ್ಲ. ಭೂಮಿ ಸೂರ್ಯನನ್ನು ಸುತ್ತುತ್ತದೆ ಎಂಬುದನ್ನೂ ನಾವು ಬಹುತೇಕ ಮಂದಿ ಶಾಲೆಯಲ್ಲಿ ಹೇಳಿದ್ದನ್ನು ಕೇಳಿಯೇ ನಂಬಿದವರು. ವ್ಯತ್ಯಾಸ ಇರುವುದು ಬೇರೊಂದು ಕಡೆ: ಭೂಮಿಯ ವಿಷಯದಲ್ಲಿ ಯಾವ ದೇಶದ ಶಾಲೆಗೆ ಹೋದರೂ ಅದೇ ಪಾಠ ಸಿಗುತ್ತದೆ, ಮೋಕ್ಷದ ವಿಷಯದಲ್ಲಿ ಗಡಿ ದಾಟಿದೊಡನೆ ಪಾಠ ಬದಲಾಗುತ್ತದೆ. ಮತವು ಮನೆಮಾತಿನ ಹಾಗೆ, ಅದರಲ್ಲಿ ಸರಿತಪ್ಪಿನ ಪ್ರಶ್ನೆ ಏಕೆ ಎಂದು ಕೆಲವು ಸಜ್ಜನರು ಸಮಾಧಾನ ಹೇಳುವುದುಂಟು. ಆ ಸಮಾಧಾನ ನನಗೆ ಒಪ್ಪಿಗೆಯಾಗದು. ಯಾವ ಭಾಷೆಯೂ ತನ್ನನ್ನು ಆಡದವರಿಗೆ ಸದ್ಗತಿಯಿಲ್ಲ ಎಂದು ಹೇಳುವುದಿಲ್ಲ. ಹಾಗೆ ಹೇಳುವ ಮತಗಳು ಇವೆ.

ಇನ್ನು ಬಿಟ್ಟು ಹೋದವರ ವಿಷಯ. ಅವರಾದರೂ ಗ್ರಂಥಗಳನ್ನು ಹೋಲಿಸಿ ನೋಡಿ ಹೋದವರೇ ಎಂದರೆ, ಹೆಚ್ಚಿನವರು ಅಲ್ಲ. ಸಮಾಜಶಾಸ್ತ್ರಜ್ಞರಾದ ಜಾನ್ ಲಾಫ್‌ಲ್ಯಾಂಡ್ ಮತ್ತು ರಾಡ್ನಿ ಸ್ಟಾರ್ಕ್ ಅಮೆರಿಕದಲ್ಲಿ ಆಗತಾನೇ ಬೇರೂರುತ್ತಿದ್ದ ಸಣ್ಣ ಪಂಥವೊಂದನ್ನು ಹತ್ತಿರದಿಂದ ನೋಡಿ 1965ರಲ್ಲಿ ಪ್ರಕಟಿಸಿದ ಅಧ್ಯಯನದ ಮುಖ್ಯ ಶೋಧ ಇದೇ ಆಗಿತ್ತು: ಸೇರಿದವರಲ್ಲಿ ಹೆಚ್ಚಿನವರು ಆ ಪಂಥದವರೊಡನೆ ಮೊದಲೇ ಸ್ನೇಹವನ್ನೋ ಬಾಂಧವ್ಯವನ್ನೋ ಬೆಳೆಸಿಕೊಂಡವರು, ಹೊರಗಿನ ನಂಟು ಅಷ್ಟು ಬಲವಾಗಿಲ್ಲದವರು. ಬೋಧನೆ ಕಿವಿಗೆ ಬಿದ್ದುದಕ್ಕಿಂತ ಬೋಧಿಸಿದವರು ಆಪ್ತರಾದದ್ದು ಹೆಚ್ಚು ಕೆಲಸ ಮಾಡಿತ್ತು. ಕ್ರೈಸ್ತ ಚರಿತ್ರೆಯ ಅತಿ ಪ್ರಸಿದ್ಧ ಪರಿವರ್ತನೆಯಾದ, ಮುಂದೆ ಸಂತನೆನಿಸಿದ ಅಗಸ್ಟಿನನದನ್ನೇ ನೋಡಿ. ಪರ್ಷಿಯಾದ ಪ್ರವಾದಿ ಮಾನಿ ಸ್ಥಾಪಿಸಿದ ಪಂಥದಲ್ಲಿ ಸುಮಾರು ಒಂಬತ್ತು ವರ್ಷ ಇದ್ದು, ತತ್ತ್ವಶಾಸ್ತ್ರದಲ್ಲಿ ಅಲೆದು, 386ರಲ್ಲಿ ಮಿಲಾನಿನ ತೋಟವೊಂದರಲ್ಲಿ ಮನಸ್ಸು ತಿರುಗಿಸಿಕೊಂಡ ಆ ಮಹಾಬುದ್ಧಿವಂತ ಕೊನೆಗೆ ಬಂದು ಸೇರಿದ್ದು ಅವನಿಗಾಗಿ ಕಣ್ಣೀರಿಟ್ಟು ಪ್ರಾರ್ಥಿಸುತ್ತಿದ್ದ ತಾಯಿ ಮೋನಿಕಾಳ ಮತವನ್ನೇ.

ಕೆಲವೊಮ್ಮೆ ಈ ಆಯ್ಕೆಯೂ ಜನರ ಕೈಯಲ್ಲಿ ಇರಲಿಲ್ಲ. ಜರ್ಮನ್ ಸೀಮೆಯಲ್ಲಿ 1555ರ ಔಗ್ಸ್‌ಬರ್ಗ್ ಒಪ್ಪಂದದ ಪ್ರಕಾರ ಕ್ಯಾಥೊಲಿಕ್ ಮತ್ತು ಲೂಥರನ್ ಪಂಥಗಳಲ್ಲಿ ಅರಸನು ಹಿಡಿದದ್ದೇ ಪ್ರಜೆಗಳದ್ದು. ಒಪ್ಪದವರು ಆಸ್ತಿ ಮಾರಿ ಬೇರೆ ಸೀಮೆಗೆ ಹೋಗಬಹುದಿತ್ತು. ಹಾಗೆ ನಿರ್ಧಾರವಾದದ್ದನ್ನೇ ಮರುತಲೆಮಾರಿನವರು ನಮ್ಮ ಹಿರಿಯರ ನಂಬಿಕೆ ಎಂದು ಎದೆಗೊತ್ತಿಕೊಂಡರು. ಕನ್ನಡದ ಆದಿಕವಿ ಪಂಪನ ತಂದೆ ವೈದಿಕ ಮನೆತನದಲ್ಲಿ ಹುಟ್ಟಿ ಜೈನಧರ್ಮವನ್ನು ತಾವಾಗಿ ಸ್ವೀಕರಿಸಿದವರು. ತಂದೆಗೆ ಆಯ್ಕೆಯಾಗಿದ್ದದ್ದು ಮಗನಿಗೆ ಮನೆಯಿಂದ ಬಂದದ್ದಾಯಿತು. ಎಷ್ಟು ಹಿಂದಕ್ಕೆ ಹೋಗಬೇಕು ಎಂಬುದೊಂದೇ ವ್ಯತ್ಯಾಸ. ಇಂದು ಹುಟ್ಟಿನಿಂದ ಬಂದ ಮತವೆಂದು ಹೇಳಿಕೊಳ್ಳುವವರಲ್ಲಿ ಬಹಳ ಮಂದಿಯ ಹಿಂದೆ, ಎಂದೋ ಮತ ಬದಲಿಸಿದ ಹಿರಿಯರೊಬ್ಬರು ಇದ್ದೇ ಇರುತ್ತಾರೆ.

ಹೀಗಿರುವಾಗ ಆಮಿಷದ ಮಾತನ್ನು ಬಿಟ್ಟು ಹೋದವರಿಗೆ ಮಾತ್ರ ಅಂಟಿಸುವುದು ನ್ಯಾಯವಲ್ಲ. ಉಳಿದುಕೊಳ್ಳುವುದರಲ್ಲಿ ಲಾಭವಿಲ್ಲವೇ? ಆಸ್ತಿಯ ಪಾಲು, ಮಕ್ಕಳಿಗೆ ಸಂಬಂಧ, ಕಷ್ಟಕ್ಕೆ ಆಗುವ ಬಂಧುಬಳಗ, ಸತ್ತಾಗ ಹೆಗಲು ಕೊಡುವ ನಾಲ್ಕು ಜನ, ಇವೆಲ್ಲವೂ ಉಳಿದವನಿಗೆ ಕೇಳದೆಯೇ ಸಿಗುತ್ತವೆ, ಬಿಟ್ಟವನು ಇವನ್ನು ಕಳೆದುಕೊಳ್ಳಲು ಸಿದ್ಧನಾಗಬೇಕಾಗುತ್ತದೆ. ಮನಸ್ಸಿನಲ್ಲಿ ಎಂದೋ ನಂಬಿಕೆ ಕಳೆದುಕೊಂಡು, ಮನೆಯವರಿಗೆ ನೋವಾಗಬಾರದೆಂದು ವಿಧಿಗಳನ್ನು ತಪ್ಪದೆ ಮಾಡುತ್ತಾ ಬಂದವರು ಎಲ್ಲ ಮತಗಳಲ್ಲೂ ಇದ್ದಾರೆ. ಅವರನ್ನು ಕಪಟಿಗಳೆನ್ನಲು ನನ್ನ ಮನಸ್ಸು ಒಪ್ಪದು. ತಾಯಿಯ ಮೇಲಿನ ಪ್ರೀತಿಗಾಗಿ ಉಳಿದವನ ಕಾರಣ ಗೌರವಕ್ಕೆ ಅರ್ಹವಾದರೆ, ತನ್ನನ್ನು ಮನುಷ್ಯನೆಂದು ಕಂಡವರ ಜೊತೆ ಹೋದವನ ಕಾರಣವೂ ಅಷ್ಟೇ ಅರ್ಹವಾಗಿರಬೇಕು ಎಂಬುದಷ್ಟೇ ನನ್ನ ವಾದ.

ಈ ದೃಷ್ಟಿಯಿಂದ ಅಂಬೇಡ್ಕರ್ ಅವರ ಉದಾಹರಣೆ ಬಹಳ ಮುಖ್ಯವಾದದ್ದು. ಹಿಂದೂವಾಗಿ ಸಾಯಲಾರೆನೆಂದು 1935ರಲ್ಲಿ ಮಹಾರಾಷ್ಟ್ರದ ಯೇವಲಾದಲ್ಲಿ ಸಾರಿದ ಅವರು ನಾಗಪುರದಲ್ಲಿ ಬೌದ್ಧ ದೀಕ್ಷೆ ಪಡೆದದ್ದು 1956ರ ಅಕ್ಟೋಬರ್ 14ರಂದು. ನಡುವಿನ ಇಪ್ಪತ್ತೊಂದು ವರ್ಷ ಅವರು ಬೇರೆ ಬೇರೆ ಮತಗಳನ್ನು ಓದಿದರು, ಅವುಗಳ ಮುಖಂಡರೊಡನೆ ಮಾತನಾಡಿದರು, ಯಾವುದು ತಮ್ಮ ಜನರಿಗೆ ಸಮಾನತೆ ಕೊಟ್ಟೀತೆಂದು ಅಳೆದರು. ಇಷ್ಟು ದೀರ್ಘವಾಗಿ ಯೋಚಿಸಿ ಮತವನ್ನು ಆರಿಸಿಕೊಂಡವರು ಚರಿತ್ರೆಯಲ್ಲಿ ವಿರಳ. ಅವರೊಡನೆ ದೀಕ್ಷೆ ಪಡೆದ ಲಕ್ಷಾಂತರ ಜನ ಹೀಗೆ ಎಲ್ಲವನ್ನೂ ಓದಿ ಬಂದವರಲ್ಲ. ಅವರು ನಂಬಿದ್ದು ತಮ್ಮ ನಾಯಕನನ್ನು, ಬಯಸಿದ್ದು ತಲೆಯೆತ್ತಿ ನಿಲ್ಲುವ ಅವಕಾಶವನ್ನು. ಸಮಾನತೆಯ ಬಯಕೆ ಆಧ್ಯಾತ್ಮಿಕವಲ್ಲ, ಆದ್ದರಿಂದ ಅದು ನಿಜವಾದ ಕಾರಣವಲ್ಲ ಎನ್ನುವ ಪತ್ರಲೇಖಕರು ತಮ್ಮ ಮತದಲ್ಲಿ ತಾವು ಉಳಿದಿರುವುದಕ್ಕೆ ಯಾವ ಆಧ್ಯಾತ್ಮಿಕ ಕಾರಣವಿದೆ ಎಂಬುದನ್ನೂ ಜೊತೆಗೇ ಬರೆಯಲಿ.

1948ರ ಡಿಸೆಂಬರ್ 10ರಂದು ವಿಶ್ವಸಂಸ್ಥೆ ಅಂಗೀಕರಿಸಿದ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 18ನೆಯ ವಿಧಿಯು ಮತವನ್ನು ಬದಲಿಸುವ ಸ್ವಾತಂತ್ರ್ಯವನ್ನು ಸ್ಪಷ್ಟವಾಗಿ ಹೆಸರಿಸಿದೆ. ಬದಲಿಸಲು ಕಾರಣ ಕೊಡಬೇಕೆಂದು ಅದು ಎಲ್ಲಿಯೂ ಹೇಳಿಲ್ಲ. ಆದರೂ ಕಾರಣಗಳ ಚರ್ಚೆ ನಡೆಯಬೇಕೆಂದೇ ಓದುಗರು ಬಯಸುವುದಾದರೆ ತಮ್ಮಲ್ಲಿ ನನ್ನದೊಂದು ವಿನಂತಿ: ಮತ ಬದಲಿಸಿದವರ ಸರದಿಯನ್ನು ಸ್ವಲ್ಪ ಕಾಲ ನಿಲ್ಲಿಸಿ, ತಾವು ಹುಟ್ಟಿದ ಮತದಲ್ಲಿ ಏಕೆ ಉಳಿದಿದ್ದೇವೆ ಎಂಬುದನ್ನು ಓದುಗರೇ ಬರೆದು ಕಳಿಸುವಂತೆ ಆಹ್ವಾನಿಸಿ, ಬಂದ ಉತ್ತರಗಳನ್ನು ಇದೇ ಅಂಕಣದಲ್ಲಿ ಪ್ರಕಟಿಸಬೇಕು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ