ವೇಗದ ಜೊತೆಗೆ ಅಳತೆಯನ್ನೂ ಬರೆಯಿರಿ

ಮಾನ್ಯ ಸಂಪಾದಕರೆ,

ಕಳೆದ ವಾರ ನಿಮ್ಮ ತಂತ್ರಜ್ಞಾನ ಪುಟದಲ್ಲಿ ಗ್ರಾಫಿಕ್ಸ್ ಕಾರ್ಡ್‌ಗಳ (ಕಂಪ್ಯೂಟರಿನಲ್ಲಿ ಚಿತ್ರ, ವಿಡಿಯೊ ಕೆಲಸ ಹೊರುವ ಬಿಡಿಭಾಗ) ಬಗ್ಗೆ ಬಂದ ಬರಹವನ್ನು ಎರಡು ಸಲ ಓದಿದೆ. ಯಾವ ಆಟದಲ್ಲಿ ಯಾವ ಕಾರ್ಡ್ ಸೆಕೆಂಡಿಗೆ ಎಷ್ಟು ಫ್ರೇಮ್ ಕೊಡುತ್ತದೆ ಅನ್ನುವುದೆಲ್ಲ ಅದರಲ್ಲಿತ್ತು. ಕಾರ್ಡ್ ಎಷ್ಟು ಎತ್ತರ, ಎಷ್ಟು ದಪ್ಪ, ಎಷ್ಟು ವ್ಯಾಟ್ ಎಳೆಯುತ್ತದೆ ಅನ್ನುವುದು ಮಾತ್ರ ಎಲ್ಲೂ ಇರಲಿಲ್ಲ. ಸಣ್ಣ ಡೆಸ್ಕ್‌ಟಾಪ್ ಇಟ್ಟುಕೊಂಡವರಿಗೆ ಮೊದಲು ಬೇಕಾಗುವುದು ಅದೇ. ಅದಕ್ಕೇ ಈ ಪತ್ರ.

ನಾನು ಗಣಿತ ಶಿಕ್ಷಕಿ. ನನ್ನ ಮೇಜಿನ ಮೇಲಿರುವುದು ಒಂದು ಕಚೇರಿಯವರು ಬಳಸಿ ಬಿಟ್ಟ ಚಿಕ್ಕ ಕಂಪ್ಯೂಟರ್. ಅಡ್ಡ ಮಲಗಿಸಿದರೆ ಅದರ ಮೇಲೇ ಮಾನಿಟರ್ ಇಡಬಹುದು. ಅದರಲ್ಲಿ ಮಕ್ಕಳಿಗಾಗಿ ಪಾಠದ ವಿಡಿಯೊ ಮಾಡುತ್ತೇನೆ. ಶಂಕುವನ್ನು ಓರೆಯಾಗಿ ಕತ್ತರಿಸಿದರೆ ದೀರ್ಘವೃತ್ತ ಬರುತ್ತದೆ ಅಂತ ಕಪ್ಪು ಹಲಗೆಯ ಮೇಲೆ ಎಷ್ಟು ಸಲ ಬರೆದರೂ ಕೆಲವು ಮಕ್ಕಳಿಗೆ ಅದು ಕಾಣುವುದಿಲ್ಲ. ಶಂಕುವನ್ನು ಪರದೆಯ ಮೇಲೆ ತಿರುಗಿಸಿ, ಅವರ ಕಣ್ಣೆದುರೇ ಕತ್ತರಿಸಿ ತೋರಿಸಿದರೆ ಒಂದೇ ಸಲಕ್ಕೆ ಕಾಣುತ್ತದೆ. ಆದರೆ ಹತ್ತು ನಿಮಿಷದ ಪಾಠ ವಿಡಿಯೊ ಆಗಿ ಹೊರಬರಲು ಒಂದು ಗಂಟೆಗಿಂತ ಜಾಸ್ತಿ ಹಿಡಿಯುತ್ತಿತ್ತು. ಬೇರೆಲ್ಲ ಕೆಲಸಕ್ಕೆ ಆ ಕಂಪ್ಯೂಟರ್ ಗಟ್ಟಿಮುಟ್ಟಾಗಿಯೇ ಇದೆ. ಅದನ್ನು ಯಾಕೆ ಬಿಸಾಡಬೇಕು? ಒಂದು ಕಾರ್ಡ್ ಹಾಕಿದರೆ ಸಾಕು ಅಂತ ತೀರ್ಮಾನಿಸಿದೆ.

ಮೊದಲು ತರಿಸಿದ ಕಾರ್ಡಿನ ವಿವರದಲ್ಲಿ 'ಕಾಂಪ್ಯಾಕ್ಟ್' ಅಂತ ಬರೆದಿತ್ತು. ಒಳಗಿನ ಮುಖ್ಯ ಬೋರ್ಡಿನಲ್ಲಿ ಕಾರ್ಡ್ ಸಿಕ್ಕಿಸುವ ಸ್ಲಾಟಿಗೆ ಸರಿಯಾಗಿ ಕೂತಿತು. ಆದರೆ ಮುಚ್ಚಳ ಮುಚ್ಚಲಿಲ್ಲ. ಆ ಕಾರ್ಡ್ ಉದ್ದದಲ್ಲಿ ಮಾತ್ರ ಚಿಕ್ಕದು, ಎತ್ತರ ಮಾಮೂಲಿ ಕಾರ್ಡಿನಷ್ಟೇ. ಮಾಮೂಲಿ ಕಾರ್ಡಿನ ಹಿಂದಿರುವ ಲೋಹದ ಪಟ್ಟಿ ಸುಮಾರು 12 ಸೆಂಟಿಮೀಟರ್ ಇರುತ್ತದೆ. ನನ್ನಂಥ ಪೆಟ್ಟಿಗೆಗೆ ಬೇಕಾದದ್ದು 8 ಸೆಂಟಿಮೀಟರಿನ ಪಟ್ಟಿ. ಅದಕ್ಕೆ ಲೋ ಪ್ರೊಫೈಲ್ ಅನ್ನುತ್ತಾರೆ. ಈ ಒಂದು ಮಾತು ಅಲ್ಲಿ ಬರೆದಿದ್ದರೆ ಸಾಕಿತ್ತು. ಮಾರಿದವರು ಕಾರ್ಡನ್ನು ವಾಪಸ್ ತೆಗೆದುಕೊಂಡರು, ನಿಜ. ಪರೀಕ್ಷೆಗೆ ಮುಂಚಿನ ಎರಡು ವಾರ ಮಾತ್ರ ವಾಪಸ್ ಬರಲಿಲ್ಲ.

ಆಮೇಲೆ ಮುಚ್ಚಳ ತೆಗೆದಿಟ್ಟು, ಸ್ಕೇಲ್ ಹಿಡಿದು ಕೂತೆ. ಎತ್ತರ ಆಯಿತು, ದಪ್ಪ? ಒಂದು ಸ್ಲಾಟಿಗೂ ಪಕ್ಕದ ಸ್ಲಾಟಿಗೂ ನಡುವೆ ಸುಮಾರು 2 ಸೆಂಟಿಮೀಟರ್ ಜಾಗ. ಲೋ ಪ್ರೊಫೈಲ್ ಕಾರ್ಡ್‌ಗಳಲ್ಲೂ ತುಂಬಾ ಕಾರ್ಡ್‌ಗಳು ಫ್ಯಾನ್ ಸೇರಿ ಎರಡು ಸ್ಲಾಟ್ ಜಾಗ ತಿನ್ನುತ್ತವೆ. ಕೆಲವು ಕಂಪ್ಯೂಟರ್‌ಗಳಲ್ಲಿ ಉದ್ದನೆಯ ಸ್ಲಾಟ್ ಒಳಗೆಲ್ಲ ಕರೆಂಟ್ ಹಂಚುವ ಪವರ್ ಸಪ್ಲೈಗೆ ಅಂಟಿಕೊಂಡಂತೆ ಇರುತ್ತದೆ. ಅಲ್ಲಿ ಒಂದೇ ಸ್ಲಾಟಿನ ತೆಳು ಕಾರ್ಡ್ ಬಿಟ್ಟು ಬೇರೇನೂ ಹಿಡಿಸುವುದಿಲ್ಲ. ನನ್ನದರಲ್ಲಿ ಪಕ್ಕದ ಸ್ಲಾಟ್ ಖಾಲಿ ಇತ್ತು, ಬಚಾವಾದೆ.

ಇನ್ನು ಕರೆಂಟ್. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಅಪಾಯ ಇರುವುದು ಇಲ್ಲೇ. ನನ್ನ ಪವರ್ ಸಪ್ಲೈ ಮೇಲೆ 240 ವ್ಯಾಟ್ ಅಂತ ಇದೆ. ಗ್ರಾಫಿಕ್ಸ್ ಕಾರ್ಡಿಗೆ ಅಂತ ಬೇರೆ ವೈರ್ ಅದರಲ್ಲಿಲ್ಲ. ಮದರ್‌ಬೋರ್ಡಿನ ಸ್ಲಾಟ್ ಕೊಡಬಹುದಾದದ್ದು ಹೆಚ್ಚೆಂದರೆ 75 ವ್ಯಾಟ್. ಅಷ್ಟರಲ್ಲೇ ಮುಗಿಯುವ ಕಾರ್ಡ್ ಬೇಕು. ಕೆಲವರು ಹಾರ್ಡ್ ಡಿಸ್ಕಿಗೆ ಹೋಗುವ ಸಾಟಾ ವೈರಿಗೆ ಒಂದು ಅಡಾಪ್ಟರ್ ಸಿಕ್ಕಿಸಿ, ಅದರಿಂದ ಕಾರ್ಡಿನ 6 ಪಿನ್ ಸಾಕೆಟ್ಟಿಗೆ ಕರೆಂಟ್ ಕೊಡುತ್ತಾರೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. 6 ಪಿನ್ ಇರುವುದು 75 ವ್ಯಾಟ್ ಕೊಡಲಿಕ್ಕೆ. ಸಾಟಾ ಪ್ಲಗ್ 12 ವೋಲ್ಟಿನಲ್ಲಿ ತಡೆದುಕೊಳ್ಳುವುದು 4.5 ಆಂಪ್, ಅಂದರೆ 54 ವ್ಯಾಟ್. ಅದಕ್ಕಿಂತ ಜಾಸ್ತಿ ಎಳೆದರೆ ಪ್ಲಗ್ ಕಾದು ಕರಗಬಹುದು. ಮಕ್ಕಳು ಓಡಾಡುವ ಮನೆಯಲ್ಲಿ ಇದು ಬೇಡ.

75 ವ್ಯಾಟಿನ ಒಳಗೆ ಏನೇನು ಸಿಗುತ್ತದೆ ಅಂತ ಹುಡುಕುತ್ತಾ ಹೋದಾಗ ಇನ್ನೊಂದು ತೊಡಕು ಕಂಡಿತು. ಹೆಸರು ಒಂದೇ, ಒಳಗಿನ ಕಾರ್ಡ್ ಬೇರೆ. ಎನ್ವಿಡಿಯಾ ಕಂಪನಿಯ ಆರ್‌ಟಿಎಕ್ಸ್ 3050 ಅಂತ 2022ರಲ್ಲಿ ಬಂದದ್ದು 8 ಜಿಬಿ ಮೆಮೊರಿಯದು, 130 ವ್ಯಾಟಿನದು, ಅದಕ್ಕೆ ಬೇರೆ ವೈರ್ ಬೇಕು. ಅದೇ ಹೆಸರಿನಲ್ಲಿ 2024ರಲ್ಲಿ ಬಂದ 6 ಜಿಬಿಯದಕ್ಕೆ 70 ವ್ಯಾಟ್ ಸಾಕು, ಸ್ಲಾಟಿನ ಕರೆಂಟಿನಲ್ಲೇ ನಡೆಯುತ್ತದೆ. ಕಡಿಮೆಯಾಗಿರುವುದು ಮೆಮೊರಿ ಒಂದೇ ಅಲ್ಲ. ಲೆಕ್ಕ ಮಾಡುವ ಕೋರ್‌ಗಳು 2,560 ಇದ್ದದ್ದು 2,304 ಆಗಿವೆ, ಮೆಮೊರಿಯ ದಾರಿ 128 ಬಿಟ್‌ನಿಂದ 96ಕ್ಕೆ ಇಳಿದಿದೆ. ನಿಮ್ಮ ಬರಹದಲ್ಲಿ ಬರೀ '3050' ಅಂತ ಇತ್ತು. ಅದನ್ನು ಓದಿ ಕಾರ್ಡ್ ತರಿಸುವವರಿಗೆ ಯಾವುದು ಬರುತ್ತದೆ ಅಂತ ಗೊತ್ತಾಗಬೇಕಲ್ವಾ?

ಎಎಂಡಿಯ ಆರ್‌ಎಕ್ಸ್ 6400 ನೋಡಿದೆ. 53 ವ್ಯಾಟ್, ಒಂದೇ ಸ್ಲಾಟಿನ ಗಿಡ್ಡ ಕಾರ್ಡ್, ತೀರಾ ಇಕ್ಕಟ್ಟಿನ ಪೆಟ್ಟಿಗೆಗೆ ಒಳ್ಳೆಯದು. ಆದರೆ 16 ಲೇನ್ (ಮಾಹಿತಿ ಹರಿಯುವ ದಾರಿ) ಇರುವ ಸ್ಲಾಟಿನಲ್ಲಿ ಅದು ಬಳಸುವುದು 4 ಲೇನ್ ಮಾತ್ರ. ಹೊಸ ಬೋರ್ಡಿನಲ್ಲಿ ತೊಂದರೆಯಿಲ್ಲ. ನನ್ನದರಂತೆ ಪಿಸಿಐ ಎಕ್ಸ್‌ಪ್ರೆಸ್ 3.0 ಅನ್ನುವ ಹಿಂದಿನ ಪೀಳಿಗೆಯ ಸ್ಲಾಟ್ ಇರುವ ಹಳೆಯ ಬೋರ್ಡಿನಲ್ಲಿ ಆ ನಾಲ್ಕೂ ಅರ್ಧ ವೇಗದಲ್ಲಿ ಓಡುತ್ತವೆ. ಅದಕ್ಕಿಂತ ದೊಡ್ಡ ಮಾತು, ವಿಡಿಯೊ ಎನ್‌ಕೋಡ್ ಮಾಡುವ, ಅಂದರೆ ಚಿತ್ರಗಳನ್ನು ಕುಗ್ಗಿಸಿ ವಿಡಿಯೊ ಫೈಲ್ ಆಗಿಸುವ ಭಾಗವೇ (ಎನ್‌ಕೋಡರ್) ಅದರಲ್ಲಿಲ್ಲ. ಆಟ ಆಡುವವರಿಗೆ ಇದು ಲೆಕ್ಕಕ್ಕೇ ಬರುವುದಿಲ್ಲ. ನನಗೆ ಬೇಕಿದ್ದದ್ದೇ ಆ ಭಾಗ. ಇಂಟೆಲ್‌ನ ಆರ್ಕ್ ಎ380ಯಲ್ಲಿ ಎನ್‌ಕೋಡರ್ ಬಹಳ ಚೆನ್ನಾಗಿದೆ, ಎವಿ1 ಅನ್ನುವ ಹೊಸ ಬಗೆಯ ವಿಡಿಯೊವನ್ನೂ ಮಾಡುತ್ತದೆ. ಆದರೆ ಬಯೋಸಿನಲ್ಲಿ (ಕಂಪ್ಯೂಟರ್ ಶುರುವಾಗುವಾಗ ಓಡುವ ಮೂಲ ತಂತ್ರಾಂಶ) ರಿಸೈಜಬಲ್ ಬಾರ್ ಅನ್ನುವ, ಕಾರ್ಡಿನ ಪೂರ್ತಿ ಮೆಮೊರಿಯನ್ನು ಪ್ರೊಸೆಸರ್ ಒಟ್ಟಿಗೇ ಮುಟ್ಟಲು ಬಿಡುವ ಸೌಲಭ್ಯ ಇಲ್ಲದಿದ್ದರೆ ಆ ಕಾರ್ಡಿನ ವೇಗ ಬಿದ್ದುಹೋಗುತ್ತದೆ. ನನ್ನ ಬಯೋಸಿನಲ್ಲಿ ಹುಡುಕಿದೆ, ಇರಲಿಲ್ಲ. ಎನ್ವಿಡಿಯಾದ 2019ರ ಜಿಟಿಎಕ್ಸ್ 1650 ಇವತ್ತಿಗೂ ಕೆಲಸಕ್ಕೆ ಬರುವ ಕಾರ್ಡೇ. ಆದರೆ ನನ್ನ ಕೆಲಸಕ್ಕೆ 4 ಜಿಬಿ ಸಾಲದು.

ಕೊನೆಗೆ 3050ರಲ್ಲಿ 6 ಜಿಬಿಯ ಲೋ ಪ್ರೊಫೈಲ್ ಕಾರ್ಡನ್ನೇ ಆರಿಸಿದೆ. ತರಿಸುವ ಮುಂಚೆ ಕಾಗದದ ಮೇಲೆ ಲೆಕ್ಕ ಹಾಕಿದೆ. ಪ್ರೊಸೆಸರಿಗೆ 65 ವ್ಯಾಟ್, ಅದು ಕೆಲವು ಕ್ಷಣ ಮೇಲೆ ಹೋಗುವುದೂ ಉಂಟು. ಕಾರ್ಡಿಗೆ 70. ಡಿಸ್ಕ್, ಮೆಮೊರಿ, ಫ್ಯಾನ್ ಎಲ್ಲಕ್ಕೂ ಸೇರಿ ಒಂದು 40. ಒಟ್ಟು 175. ಬಾಕಿ 65 ಕೈಯಲ್ಲಿ ಉಳಿಯುತ್ತದೆ. ಕಾರ್ಡಿನ ಜೊತೆ ಗಿಡ್ಡ ಪಟ್ಟಿಯೂ ಬಂದಿತ್ತು. ಸ್ಕ್ರೂ ಬಿಚ್ಚಿ ಅದನ್ನು ಬದಲಾಯಿಸಿ ಕೂರಿಸಿದೆ, ಮುಚ್ಚಳ ಮುಚ್ಚಿತು. ಮಾನಿಟರಿನ ಕೇಬಲನ್ನು ಹಳೆಯ ಜಾಗದಿಂದ ಕಿತ್ತು ಕಾರ್ಡಿಗೆ ಸಿಕ್ಕಿಸುವುದನ್ನು ಮರೆಯಬಾರದು. ಈಗ ಹತ್ತು ನಿಮಿಷದ ಪಾಠ ಹತ್ತು ನಿಮಿಷದೊಳಗೇ ಸಿದ್ಧವಾಗುತ್ತದೆ. ಮೊನ್ನೆ ಒಬ್ಬ ಹುಡುಗಿ ಆ ಶಂಕುವಿನ ವಿಡಿಯೊ ನೋಡಿ, "ಇನ್ನೂ ಓರೆಯಾಗಿ ಕತ್ತರಿಸಿದರೆ ಏನಾಗುತ್ತೆ ಮಿಸ್?" ಅಂತ ಕೇಳಿದಳು. ಅವತ್ತು ರಾತ್ರಿಯೇ ಅದನ್ನೂ ಮಾಡಿ ಮಾರನೇ ದಿನ ತೋರಿಸಿದೆ.

ನಿಮ್ಮಲ್ಲಿ ನನ್ನ ಕೋರಿಕೆ ಚಿಕ್ಕದು. ಕಾರ್ಡಿನ ಬಗ್ಗೆ ಬರೆಯುವಾಗಲೆಲ್ಲ ಪಕ್ಕದಲ್ಲಿ ಒಂದು ಸಣ್ಣ ಚೌಕ ಹಾಕಿ. ಮೆಮೊರಿ ಸೇರಿದ ಪೂರ್ತಿ ಹೆಸರು, ಪಟ್ಟಿಯ ಎತ್ತರ, ಎಷ್ಟು ಸ್ಲಾಟ್, ಎಷ್ಟು ವ್ಯಾಟ್, ಬೇರೆ ವೈರ್ ಬೇಕೋ ಬೇಡವೋ, ಎಷ್ಟು ಲೇನ್, ಎನ್‌ಕೋಡರ್ ಇದೆಯೋ ಇಲ್ಲವೋ. ಇಷ್ಟು ಸಾಕು. ನಾನು ನೋಡಿದ ನಾಲ್ಕು ಕಾರ್ಡ್‌ಗಳಿಗೆ ಇಂಥ ಚೌಕವನ್ನು ತುಂಬಿ ಈ ಪತ್ರದ ಜೊತೆ ಇಟ್ಟಿದ್ದೇನೆ. ಆ ಪುಟ ಬರೆಯುವವರಿಗೆ ತಲುಪಿಸಿ.

ಇಂತಿ,
ಒಬ್ಬ ಗಣಿತ ಶಿಕ್ಷಕಿ