ಜಿಮ್ ಪುಡಿಯಲ್ಲಿ ಕೆಫೀನ್ ಎಷ್ಟು?

ಮಾನ್ಯ ಸಂಪಾದಕರೇ,

ನನ್ನ ತಮ್ಮ ಸಂಜೆ 7ಕ್ಕೆ ಜಿಮ್‌ಗೆ ಹೋಗುತ್ತಾನೆ. ಅಲ್ಲಿನ ಟ್ರೈನರ್ ‘ಫೋಕಸ್ ಬರುತ್ತೆ’ ಎಂದು ಪ್ರಿ-ವರ್ಕೌಟ್ ಪುಡಿ (ವ್ಯಾಯಾಮಕ್ಕೆ ಮುಂಚೆ ಕಲಸಿ ಕುಡಿಯುವ ಪುಡಿ) ಕೊಟ್ಟರು. ಎರಡು ವಾರ ಅವನಿಗೆ ರಾತ್ರಿ 2 ಗಂಟೆಯಾದರೂ ನಿದ್ದೆ ಇಲ್ಲ, ಎದೆ ಡವಡವ. ಡಬ್ಬಿ ತಿರುಗಿಸಿ ನೋಡಿದೆ. ‘ಎನರ್ಜಿ ಬ್ಲೆಂಡ್’ ಎಂದಷ್ಟೇ ಇತ್ತು. ಕೆಫೀನ್ ಎಷ್ಟು ಮಿಲಿಗ್ರಾಂ ಅನ್ನೋದೇ ಇಲ್ಲ.

ಕೆಫೀನ್ ಕೆಲಸ ಮಾಡುವುದು ನಿಜ. ದಣಿವಾಗಿದೆ ಎಂದು ಮಿದುಳಿಗೆ ತಿಳಿಸುವ ಅಡೆನೊಸಿನ್ ಎಂಬ ರಾಸಾಯನಿಕಕ್ಕೆ ಅದು ಅಡ್ಡ ನಿಲ್ಲುತ್ತದೆ. ಆಗ ಗಮನ ಜಾಸ್ತಿಯಾಗುತ್ತದೆ, ಭಾರ ಎತ್ತುವ ಶ್ರಮವೂ ಕಡಿಮೆ ಅನಿಸುತ್ತದೆ. ಆದರೆ ದಣಿವು ಎಲ್ಲಿಗೂ ಹೋಗಿರುವುದಿಲ್ಲ. ಸುಮಾರು 5 ಗಂಟೆ ಕಳೆದರೂ ಅರ್ಧದಷ್ಟು ಕೆಫೀನ್ ಮೈಯಲ್ಲೇ ಇರುತ್ತದೆ. ಸಂಜೆ ಕುಡಿದರೆ ನಿದ್ದೆ ಹೇಗೆ ಬರಬೇಕು? ನಿದ್ದೆಗೆಟ್ಟವನಿಗೆ ಮರುದಿನ ಗಮನ ಎಲ್ಲಿಂದ ಬರಬೇಕು? ನನ್ನ ತಮ್ಮ ಕ್ಲಾಸಿನಲ್ಲಿ ತೂಕಡಿಸುತ್ತಿದ್ದ. ಪುಡಿ ಬಿಟ್ಟ ಮೇಲೆ ಸರಿಹೋದ.

ಆರೋಗ್ಯವಂತ ವಯಸ್ಕರಿಗೆ ಒಮ್ಮೆಗೆ 200, ದಿನಕ್ಕೆ 400 ಮಿಲಿಗ್ರಾಂವರೆಗೆ ತೊಂದರೆ ಇಲ್ಲ ಎಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಹೇಳಿದೆ. ಕೆಲವು ಪುಡಿಗಳ ಒಂದೇ ಸ್ಕೂಪ್‌ನಲ್ಲಿ 300 ಇರುತ್ತದೆ! ಅದರ ಮೇಲೆ ಮನೆಯ ಫಿಲ್ಟರ್ ಕಾಫಿಯ ಕೆಫೀನ್ ಬೇರೆ ಸೇರುತ್ತದೆ.

ಎನರ್ಜಿ ಡ್ರಿಂಕ್‌ಗಳಿಗೆ ನಮ್ಮಲ್ಲಿ ಲೀಟರಿಗೆ 300 ಮಿಲಿಗ್ರಾಂ ಮಿತಿ ಇದೆ. ಪುಡಿ ಡಬ್ಬಿಗಳ ಮೇಲೂ ಪ್ರತಿ ಸ್ಕೂಪ್‌ನ ಕೆಫೀನ್ ಲೆಕ್ಕ ದಪ್ಪ ಅಕ್ಷರದಲ್ಲಿ ಕಾಣಬೇಕು. ಸುಮ್ನೆ ‘ಬ್ಲೆಂಡ್’ ಎಂದು ಬರೆದರೆ ಸಾಲದು. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಅಧಿಕಾರಿಗಳು ಜಿಮ್‌ಗಳಲ್ಲಿ ಮಾರುವ ಡಬ್ಬಿಗಳನ್ನೂ ಪರಿಶೀಲಿಸಲಿ.

– ಓದುಗ, ಶಿವಮೊಗ್ಗ