ನಕ್ಷತ್ರ ಹಚ್ಚುವ ಆಟ ಬೇಡ, ಪುಟ್ಟೀ

ಪುಟ್ಟೀ,

ಭಾನುವಾರ ಫೋನಿನಲ್ಲಿ ನನ್ನ ದನಿ ಏರಿತು, ನೀನೂ ಮಾತು ಮುಗಿಯುವ ಮೊದಲೇ ಇಟ್ಟುಬಿಟ್ಟೆ. ಬೇಜಾರು ಮಾಡಿಕೊಳ್ಳಬೇಡ ಕಂದಾ. ಒಂಬತ್ತನೇ ತರಗತಿಯ ಹಿಟ್ಲರ್‌ನ ನಾಜಿ ಜರ್ಮನಿಯ ಪಾಠವನ್ನು ನೋಟ್ಸ್ ಬರೆಸಿ ಮುಗಿಸಿಬಿಡದೆ ಐದು ಪೀರಿಯಡ್ ತೆಗೆದಿಟ್ಟಿದ್ದೀಯಲ್ಲ, ಅದನ್ನು ಕೇಳಿ ನನಗೆ ಎಷ್ಟು ಹೆಮ್ಮೆಯಾಯಿತು ಅಂತ ಹೇಳಲು ಪುರುಸೊತ್ತೇ ಆಗಲಿಲ್ಲ. ನಾಜಿಗಳು ಯಹೂದ್ಯರ ಬಟ್ಟೆಗೆ ಹಾಕಿಸುತ್ತಿದ್ದಂಥ ಹಳದಿ ನಕ್ಷತ್ರವನ್ನು ಅರ್ಧ ಕ್ಲಾಸಿಗೆ ಹಚ್ಚಿ, ಇನ್ನರ್ಧವನ್ನು ಪೊಲೀಸರನ್ನಾಗಿ ಮಾಡುವ ಆ ಆಟವೊಂದು ಬೇಡ.

ನಲವತ್ತು ನಿಮಿಷದಲ್ಲಿ ಆಗುವುದಿಷ್ಟೇ. ಪೊಲೀಸರಾದವರಿಗೆ ಗದರಿಸುವ ಹುಮ್ಮಸ್ಸು ಬರುತ್ತದೆ, ನಕ್ಷತ್ರದವರು ಕಿಸಿಕಿಸಿ ನಗುತ್ತಾರೆ, ಬೆಲ್ ಹೊಡೆದಾಗ ‘ಓ, ಹೀಗಿತ್ತಾ’ ಅಂದುಕೊಂಡು ಊಟಕ್ಕೆ ಓಡುತ್ತಾರೆ. ಹಾಗಿರಲಿಲ್ಲ. 60 ಲಕ್ಷ ಯಹೂದ್ಯರು, ಅವರಲ್ಲಿ ಸುಮಾರು 15 ಲಕ್ಷ ಮಕ್ಕಳು ಸತ್ತ ಸಂಗತಿಯನ್ನು ಅನುಭವಿಸಿ ತಿಳಿದೆವು ಎಂಬ ಭ್ರಮೆಗಿಂತ ಏನೂ ತಿಳಿಯದಿರುವುದೇ ವಾಸಿ. ಇನ್ನೊಂದು ಭಯವೂ ಇದೆ. ಜಾತಿಗೋ ಧರ್ಮಕ್ಕೋ ಮೈಬಣ್ಣಕ್ಕೋ ಚುಚ್ಚುಮಾತು ಕೇಳುವ ಮಗು ಪ್ರತಿ ಕ್ಲಾಸಿನಲ್ಲೂ ಒಂದಾದರೂ ಇರುತ್ತದೆ. ಚೀಟಿ ಎತ್ತಿದಾಗ ನಕ್ಷತ್ರ ಅದಕ್ಕೇ ಬಂತು ಅನ್ನು. ನೀನು ಆಟ ಮುಗಿಯಿತು ಅಂದರೂ ಹಿಂದಿನ ಬೆಂಚಿನವರಿಗೆ ಮುಗಿದಿರುವುದಿಲ್ಲ. ಚೀಟಿ ಬಿಟ್ಟು ನೀನೇ ಆರಿಸಿದರೆ ಇನ್ನೂ ಕೆಟ್ಟದ್ದು. ವಾಷಿಂಗ್ಟನ್‌ನಲ್ಲಿ ಈ ನರಮೇಧದ ನೆನಪಿಗೆಂದೇ ಇರುವ ಹಾಲೋಕಾಸ್ಟ್ ಮ್ಯೂಸಿಯಂ ಕೂಡ ಶಿಕ್ಷಕರಿಗೆ ಇಂಥ ಆಟ ಆಡಿಸಬೇಡಿ ಎಂದೇ ಹೇಳುತ್ತದೆ. ಸಾಕು, ಇದನ್ನೇ ಹಿಡಿದು ಜಗ್ಗುತ್ತಿದ್ದೇನೆ.

ಅದರ ಬದಲು ಹೀಗೆ ಮಾಡಿ ನೋಡು. ಬರ್ಲಿನ್‌ನ ಶ್ಯೋನೆಬೆರ್ಗ್‌ನಲ್ಲಿ, ಹಿಂದೆ ಯಹೂದ್ಯರು ಹೆಚ್ಚಾಗಿದ್ದ ಬೀದಿಗಳ ದೀಪದ ಕಂಬಗಳಿಗೆ 1993ರಲ್ಲಿ 80 ಫಲಕ ಹಾಕಿದ್ದಾರೆ. ಒಂದು ಬದಿ ಸಾದಾ ಚಿತ್ರ, ಇನ್ನೊಂದು ಬದಿ ಆ ಕಾಲದ ಆಜ್ಞೆ. ಬ್ರೆಡ್ಡಿನ ಚಿತ್ರದ ಹಿಂದೆ, ಬರ್ಲಿನ್‌ನ ಯಹೂದ್ಯರು ಸಂಜೆ 4ರಿಂದ 5ರೊಳಗೆ ಮಾತ್ರ ದಿನಸಿ ಕೊಳ್ಳಬೇಕು ಅಂತ, 1940. ಬೆಕ್ಕಿನ ಚಿತ್ರದ ಹಿಂದೆ, ಸಾಕುಪ್ರಾಣಿ ಇಟ್ಟುಕೊಳ್ಳುವಂತಿಲ್ಲ ಅಂತ, 1942. ದಪ್ಪ ಡ್ರಾಯಿಂಗ್ ಹಾಳೆಯಲ್ಲಿ ಇಂಥ ಹನ್ನೆರಡು ಕಾರ್ಡ್ ಮಾಡು. 1933ರ ಏಪ್ರಿಲ್ 1ರ ಯಹೂದ್ಯರ ಅಂಗಡಿಗಳ ಬಹಿಷ್ಕಾರ, ಅವರನ್ನು ಸರ್ಕಾರಿ ನೌಕರಿಯಿಂದ ತೆಗೆದ ಏಪ್ರಿಲ್ 7ರ ಕಾನೂನು, ಅವರ ಪೌರತ್ವ ಕಸಿದ 1935ರ ನ್ಯೂರೆಂಬರ್ಗ್ ಕಾನೂನು, 1938ರ ನವೆಂಬರ್ 15ರಂದು ಅವರ ಮಕ್ಕಳನ್ನು ಶಾಲೆಯಿಂದ ಹೊರಗೆ ಹಾಕಿದ್ದು, 1941ರ ನಕ್ಷತ್ರ, ಎಲ್ಲ ಬರಲಿ. ಕಾರ್ಡಿನ ಮೇಲೆ ಇಸವಿ ಬರೆಯಬೇಡ. ನಾಲ್ಕು ನಾಲ್ಕು ಮಕ್ಕಳು ಕೂತು ಯಾವುದು ಮೊದಲು, ಯಾವುದು ಆಮೇಲೆ ಅಂತ ಜೋಡಿಸಲಿ, ಇಸವಿ ಕೊನೆಗೆ ಹೇಳು. ಹೆಚ್ಚಿನವರು ನಕ್ಷತ್ರವನ್ನು ಮೊದಲಿಡುತ್ತಾರೆ. ಅದು ಎಂಟು ವರ್ಷ ತಡವಾಗಿ ಬಂತು ಅಂತ ಗೊತ್ತಾದಾಗಲೇ ಪಾಠ ಶುರುವಾಗುವುದು. ಆಗ ಒಂದೇ ಪ್ರಶ್ನೆ ಕೇಳು: ಈ ಆಜ್ಞೆ ನಡೆಯಬೇಕಾದರೆ ಯಾರ್ಯಾರು ಬೇಕು? ಗುಮಾಸ್ತ, ಹೆಡ್‌ಮಾಸ್ಟರು, ದಿನಸಿ ಅಂಗಡಿಯವನು, ಪಕ್ಕದ ಮನೆಯಾಕೆ. ಬೋರ್ಡಿನ ಮೇಲೆ ಪಟ್ಟಿ ಉದ್ದವಾಗಲಿ, ನೀನು ನಡುವೆ ಮಾತಾಡಬೇಡ.

ಇದಕ್ಕೂ ಮೊದಲು, ಹಿಟ್ಲರ್‌ನಿಂದಲೇ ದ್ವೇಷ ಹುಟ್ಟಿತು ಅನ್ನಿಸದ ಹಾಗೆ ಅರ್ಧ ಪೀರಿಯಡ್ ಹಿಂದಕ್ಕೆ ಹೋಗು. 1290ರಲ್ಲಿ ಇಂಗ್ಲೆಂಡ್, 1492ರಲ್ಲಿ ಸ್ಪೇನ್ ಯಹೂದ್ಯರನ್ನು ಹೊರಗಟ್ಟಿದವು; 1349ರಲ್ಲಿ ಪ್ಲೇಗಿನ ಕಾಲಕ್ಕೆ ಬಾವಿಗೆ ವಿಷ ಹಾಕಿದರೆಂದು ಸ್ಟ್ರಾಸ್‌ಬೂರ್ಗ್‌ನಲ್ಲಿ ಸುಟ್ಟರು. ಹೆಣಗಳ ರಾಶಿಯ ಫೋಟೋ ತೋರಿಸಬೇಡ. ಮಕ್ಕಳು ಬೆಚ್ಚಿಬೀಳುತ್ತಾರೆ, ಕಲಿಯುವುದಿಲ್ಲ.

‘ಮಿಸ್, ಹಿಟ್ಲರ್ ದೇಶ ಕಟ್ಟಿದ ಅಲ್ವಾ?’ ಅಂತ ಒಬ್ಬ ಕೇಳಿಯೇ ಕೇಳುತ್ತಾನೆ. ಗದರಬೇಡ, ಗದರಿದರೆ ಅವನ ಪಾಲಿಗೆ ಹಿಟ್ಲರ್ ಇನ್ನೂ ದೊಡ್ಡವನಾಗುತ್ತಾನೆ. ನಿರುದ್ಯೋಗ ಇಳಿದದ್ದರಲ್ಲಿ ಸಾಲ ಮಾಡಿ ಶಸ್ತ್ರಾಸ್ತ್ರ ತಯಾರಿಸಿದ್ದು, 1935ರಿಂದ ಹುಡುಗರನ್ನು ಕಡ್ಡಾಯವಾಗಿ ಸೈನ್ಯಕ್ಕೆ ಸೇರಿಸಿದ್ದು, ಕೆಲಸ ಕಳೆದುಕೊಂಡ ಯಹೂದ್ಯರನ್ನೂ ಹೆಂಗಸರನ್ನೂ ಲೆಕ್ಕದಿಂದಲೇ ಬಿಟ್ಟದ್ದು ಎಷ್ಟಿತ್ತು ಅಂತ ಅವನ ಕೈಯಲ್ಲೇ ಪಟ್ಟಿ ಮಾಡಿಸು.

ಎರಡನೇ ಪ್ರಶ್ನೆ, ಯಹೂದ್ಯರು ದೇಶ ಬಿಟ್ಟು ಹೋಗಬಹುದಿತ್ತಲ್ಲ ಅಂತ. 1938ರ ಜುಲೈನಲ್ಲಿ ಫ್ರಾನ್ಸಿನ ಎವಿಯಾನ್‌ನಲ್ಲಿ 32 ದೇಶಗಳು ಈ ನಿರಾಶ್ರಿತರಿಗಾಗಿ ಕೂತು ಮರುಗಿದವು, ಹೆಚ್ಚಿನವು ಬಾಗಿಲು ತೆರೆಯಲಿಲ್ಲ. ಇಲ್ಲಿ ಯಹೂದಿ ಮೂಲದ ವಾಸ್ತುಶಿಲ್ಪಿ ಓಟ್ಟೋ ಕೋನಿಗ್ಸ್‌ಬರ್ಗರ್ ಹೆಸರು ಹೇಳು. 1933ರಲ್ಲಿ ಬರ್ಲಿನ್‌ನ ಸರ್ಕಾರಿ ಕೆಲಸ ಹೋಯಿತು, ಈಜಿಪ್ಟಿಗೆ ಹೋದ, 1939ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾದ. ಬೆಂಗಳೂರಿನ ಐಐಎಸ್‌ಸಿಯಲ್ಲಿ ಅವನು ಕಟ್ಟಿಸಿದ ಕಟ್ಟಡಗಳಿವೆ. ಏಪ್ರಿಲ್ 7ರ ಕಾರ್ಡಿನ ಪಕ್ಕಕ್ಕೆ ಅವನ ಹೆಸರು ಬರೆಸು. ಆದರೆ ಅವನ ಹಾಗೆ ಕೈಯಲ್ಲಿ ಕಸುಬಿದ್ದು, ಕರೆಯುವ ಸಂಸ್ಥಾನವೂ ಸಿಕ್ಕವರು ಕೆಲವರೇ ಅನ್ನುವುದನ್ನು ಅದೇ ಉಸಿರಿನಲ್ಲಿ ಹೇಳಬೇಕು, ಇಲ್ಲದಿದ್ದರೆ ನಮ್ಮೂರಿನ ಹೊಗಳಿಕೆಯಲ್ಲಿ ಪಾಠ ಕೊಚ್ಚಿಹೋಗುತ್ತದೆ.

ಪಾಲಕರು ಯಾರಾದರೂ ದೂರು ತಂದಾರೆಂಬ ಆತಂಕವೂ ನನಗಿದೆ. ಪಾಠದ ಯೋಜನೆಯನ್ನು ಮೊದಲೇ ಬರೆದು ಪ್ರಿನ್ಸಿಪಾಲರ ಸಹಿ ಹಾಕಿಸಿಟ್ಟುಕೋ. ಆಟ ಬಿಟ್ಟೆಯೋ ಇಲ್ಲವೋ ಅಂತ ಗುರುವಾರದೊಳಗೆ ಒಂದು ಮಾತು ತಿಳಿಸು. ಕಾರ್ಡ್ ಕತ್ತರಿಸಲು ಆಳು ಬೇಕಿದ್ದರೆ ಶನಿವಾರದ ಬಸ್ಸಿಗೆ ಬರುತ್ತೇನೆ.

ನಿನ್ನ ಅಮ್ಮ